ಮಾಸ್ತರರೇ, ಅದು ಸಂಬಳವಲ್ಲ

ನಿವೃತ್ತನಾದ ಮೇಲೆ ನಮ್ಮ ಮನೆಯ ಪಡಸಾಲೆಯೇ ಇನ್ನೊಂದು ಕಚೇರಿಯಾಗಿದೆ. ಮೂವತ್ತು ವರ್ಷ ರಾಯಚೂರು ಜಿಲ್ಲೆಯ ಶಿಕ್ಷಣ ಇಲಾಖೆಯಲ್ಲಿ ಶಿಕ್ಷಕರ ವೇತನ ಬಿಲ್ಲು ಬರೆದವನು ನಾನು. ಭಾನುವಾರ ಬೆಳಗಾದರೆ ಸೇವಾ ಪುಸ್ತಕದ ಜೆರಾಕ್ಸ್ ಹಿಡಿದು ಯಾರಾದರೊಬ್ಬರು ಬಂದೇ ಬರುತ್ತಾರೆ. ಇತ್ತೀಚೆಗೆ ಬರುವವರಲ್ಲಿ ಬಹಳ ಜನರದು ಒಂದೇ ಸುದ್ದಿ: "ಸರ್, ಗಣಿತ, ವಿಜ್ಞಾನ, ಇಂಗ್ಲಿಷ್‌ನವರಿಗೆ ಸಂಬಳ ಹೆಚ್ಚು ಮಾಡುತ್ತಾರಂತೆ." ಯಾವ ಆದೇಶ ಎಂದು ಕೇಳಿದರೆ ಮೊಬೈಲ್ ತೋರಿಸುತ್ತಾರೆ. ಅದರಲ್ಲಿ ಆದೇಶದ ಸಂಖ್ಯೆ ಇಲ್ಲ, ದಿನಾಂಕವಿಲ್ಲ. ಅಭಿನಂದನೆ ಹೇಳುವ ಹೂಗುಚ್ಛದ ಚಿತ್ರ ಮಾತ್ರ ಇದೆ. ಅಂಥ ಹಣ ಬಂದರೂ ಅದು ಭತ್ಯೆಯಾಗಿ ಬಂದೀತು, ಸಂಬಳವಾಗಿ ಅಲ್ಲ.

ಕಳೆದ ತಿಂಗಳು ಲಿಂಗಸುಗೂರು ಕಡೆಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರೊಬ್ಬರು ಆ ಹೆಚ್ಚುವರಿ ಹಣದ ಮೇಲೆ ಮನೆ ಸಾಲದ ಕಂತು ಲೆಕ್ಕ ಹಾಕಿಕೊಂಡೇ ಬಂದಿದ್ದರು. ಕೂಸು ಹುಟ್ಟುವ ಮುನ್ನ ಕುಲಾವಿ! ಅವರು ಎದ್ದುಹೋದ ಮೇಲೆ ಕನ್ನಡ ಪಂಡಿತರೊಬ್ಬರು ಬಂದು, "ಹಾಗಾದರೆ ನಮ್ಮ ವಿಷಯ ಅಗ್ಗವೇ?" ಎಂದು ನನ್ನ ಮೇಲೆಯೇ ಏರಿ ಬಂದರು. ಒಬ್ಬರದು ಹಿಗ್ಗು, ಇನ್ನೊಬ್ಬರದು ಸಿಟ್ಟು. ಆದರೆ ಇಬ್ಬರೂ ಎಡವಿದ್ದು ಒಂದೇ ಕಲ್ಲಿಗೆ. ವೇತನ ಬೇರೆ, ಭತ್ಯೆ ಬೇರೆ. ಇದನ್ನು ನಾನು ಸಾವಿರ ಸಲ ಹೇಳಿರಬೇಕು. ಇನ್ನೊಮ್ಮೆ ಹೇಳುತ್ತೇನೆ.

ವೇತನ ನಿಮ್ಮ ಜೊತೆ ಬರುತ್ತದೆ. ದೇವದುರ್ಗದಿಂದ ಮೈಸೂರಿಗೆ ಹೋದರೂ ಮೂಲ ವೇತನ ಒಂದು ರೂಪಾಯಿಯೂ ಇಳಿಯುವುದಿಲ್ಲ. ಅದರ ಮೇಲೆ ತುಟ್ಟಿಭತ್ಯೆ ಬೆಳೆಯುತ್ತದೆ, ಮನೆ ಬಾಡಿಗೆ ಭತ್ಯೆಯೂ ಗಳಿಕೆ ರಜೆಯ ನಗದೀಕರಣವೂ ಅದನ್ನೇ ಆಧರಿಸಿರುತ್ತವೆ, ಎನ್‌ಪಿಎಸ್‌ಗೆ ಸರ್ಕಾರ ಪಿಂಚಣಿಗಾಗಿ ಹಾಕುವ ವಂತಿಗೆಯೂ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನೇ ನೋಡುತ್ತದೆ. ಭತ್ಯೆ ಶಾಲೆಯ ಬೀಗದ ಕೈ ಇದ್ದ ಹಾಗೆ. ಪ್ರಭಾರ ವಹಿಸಿಕೊಡುವ ದಿನ ಮೇಜಿನ ಮೇಲಿಟ್ಟು ಹೋಗಬೇಕು. ಹಟ್ಟಿ ಗಣಿಯ ಸುತ್ತಲಿನ ಊರಿನವರಿಗೆ ನಾನು ಹೀಗೆ ಕೇಳುತ್ತೇನೆ: ಗಣಿಯೊಳಗೆ ಇಳಿಯುವವನಿಗೆಂದು ಇಟ್ಟ ಭತ್ಯೆಯನ್ನು ಮೇಲಿನ ಕಚೇರಿಯಲ್ಲಿ ಕುಳಿತವನು ಕೇಳಬಹುದೇ? ಕೂಡಲೇ ತಲೆಯಾಡಿಸುತ್ತಾರೆ. ಆಮೇಲೆ ಚಪ್ಪಲಿ ಮೆಟ್ಟುತ್ತಾ, "ಒಟ್ಟಿನಲ್ಲಿ ಸಂಬಳ ಹೆಚ್ಚಾಗುತ್ತದೆ ಎಂದ ಹಾಗಾಯಿತು" ಎನ್ನುತ್ತಾರೆ.

ಇಲ್ಲ, ಹಾಗಾಗಲಿಲ್ಲ. ಅಂಕಿಯಲ್ಲೇ ನೋಡೋಣ; ಅಂಕಿ ನನ್ನದು, ಸರ್ಕಾರದ್ದಲ್ಲ. ಮೂಲ ವೇತನಕ್ಕೇ 3,000 ರೂಪಾಯಿ ಸೇರಿತು ಎಂದುಕೊಳ್ಳಿ. ತುಟ್ಟಿಭತ್ಯೆ ಶೇ 10 ಇದ್ದರೆ 300, ಹಳ್ಳಿಯ ಮನೆ ಬಾಡಿಗೆ ಭತ್ಯೆ ಶೇ 7.5ರಂತೆ 225, ಕೈಗೆ 3,525. ಮುಂದೆ ತುಟ್ಟಿಭತ್ಯೆ ಏರಿದಂತೆಲ್ಲ ಅದೂ ಏರುತ್ತದೆ, ನಿವೃತ್ತಿಯ ಲೆಕ್ಕದಲ್ಲೂ ಸೇರುತ್ತದೆ. ಅದೇ 3,000 ನಿಗದಿತ ಭತ್ಯೆಯಾಗಿ ಬಂದರೆ? 3,000. ಐದು ವರ್ಷದ ಮೇಲೂ, ಯಾರಾದರೂ ಹೊಸ ಆದೇಶ ಹೊರಡಿಸುವವರೆಗೆ, 3,000. ನೀವು ಮುಖ್ಯ ಶಿಕ್ಷಕರಾಗಿ ಬಡ್ತಿ ಪಡೆದ ದಿನ, ವರ್ಗವಾದ ದಿನ, ದೀರ್ಘ ರಜೆಗೆ ಹೋದಾಗ, ಆದೇಶದಲ್ಲಿ ಬೇರೆ ಮಾತಿಲ್ಲದಿದ್ದರೆ, ಸೊನ್ನೆ. ಬ್ಯಾಂಕಿನವರಿಗೆ ಇದು ಗೊತ್ತಿದೆ. ಮಾಸ್ತರರಿಗೆ ಗೊತ್ತಿಲ್ಲ.

ಇದು ಬರೀ ಪದದ ಜಗಳವಲ್ಲ ಎನ್ನುವುದಕ್ಕೆ ಒಂದು ಪ್ರಸಂಗ. ಅದರಲ್ಲಿ ನನ್ನ ತಪ್ಪೂ ಇದೆ. ಆರನೇ ರಾಜ್ಯ ವೇತನ ಆಯೋಗದ ದರಗಳಿದ್ದ ಕಾಲ. ಬೆಂಗಳೂರಿನಲ್ಲಿ ಮನೆ ಬಾಡಿಗೆ ಭತ್ಯೆ ಶೇ 24, ನಮ್ಮಲ್ಲಿ ಶೇ 8. ಪತಿಯ ಕೆಲಸದ ಕಾರಣಕ್ಕೆ ಬೆಂಗಳೂರಿನಿಂದ ನಮ್ಮ ಕಡೆಗೆ ವರ್ಗವಾಗಿ ಬಂದ ಗಣಿತ ಶಿಕ್ಷಕಿಯೊಬ್ಬರಿಗೆ ಹಿಂದಿನ ಕಚೇರಿ ಕೊಟ್ಟ ಅಂತಿಮ ವೇತನ ಪ್ರಮಾಣಪತ್ರದಲ್ಲಿದ್ದ ಹಳೆಯ ದರವೇ ಮುಂದುವರಿಯಿತು. ಬಿಲ್ಲು ಪರಿಶೀಲಿಸಿದ ಗುರುತಿನ ಪುಟ್ಟ ಸಹಿ ನನ್ನದೇ. ಮೂಲ ವೇತನ 40,900. ತಿಂಗಳಿಗೆ 6,544 ರೂಪಾಯಿ ಹೆಚ್ಚು. ಹದಿನಾಲ್ಕು ತಿಂಗಳ ಮೇಲೆ ಲೆಕ್ಕ ತಪಾಸಣೆಯವರು ಹಿಡಿದಾಗ ಮೊತ್ತ 91,616. ಆಕೆ ನನ್ನ ಮೇಜಿನ ಮುಂದೆ ನಿಂತು, "ಸರ್, ಹಳ್ಳಿಗೆ ಬಂದದ್ದಕ್ಕೆ ನನ್ನ ಸಂಬಳ ಇಳಿಸಿದಿರಿ" ಎಂದರು. ಸಂಬಳ ಇಳಿದಿಲ್ಲ ತಾಯಿ, ಊರು ಬದಲಾಯಿತು ಎಂದು ಹೇಳುವಾಗ ನನಗೇ ನಾಚಿಕೆಯಾಯಿತು. ನಿಯಮ ಸರಿ, ಆದರೆ ಬೆಂಗಳೂರು ಬಿಟ್ಟು ಬಂದು ಗಣಿತ ಕಲಿಸುವವರಿಗೆ ನಮ್ಮ ನಿಯಮ ಕೊಟ್ಟ ಸ್ವಾಗತ ಇದು.

ಯಾರೋ ಆಕೆಗೆ ಸುಪ್ರೀಂ ಕೋರ್ಟಿನ 2014ರ ರಫೀಕ್ ಮಸೀಹ್ ತೀರ್ಪಿನ ಪ್ರತಿ ಕೊಟ್ಟಿದ್ದರು. ಕೆಳ ದರ್ಜೆಯ ನೌಕರರಿಗೆ, ಅವರ ತಪ್ಪಿಲ್ಲದೆ, ಹೆಚ್ಚಾಗಿ ಪಾವತಿಯಾದ ಹಣವನ್ನು ವಸೂಲು ಮಾಡಬಾರದು ಎಂಬ ತೀರ್ಪು. ಅದು ನಿಜ. ಆದರೆ ಹೆಚ್ಚು ಬಂದರೆ ಹಿಂತಿರುಗಿಸುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟವರ ವಿಷಯದಲ್ಲಿ 2016ರಲ್ಲಿ ಅದೇ ನ್ಯಾಯಾಲಯ ಬೇರೆ ರೀತಿ ಹೇಳಿದೆ. ಒಂದೊಂದು ಪ್ರಕರಣವೂ ಒಂದೊಂದು ತರಹ. ನನ್ನ ಮಾತನ್ನೇ ಆಧಾರ ಮಾಡಿಕೊಳ್ಳದೆ ಸೇವಾ ವಿಷಯ ಬಲ್ಲ ವಕೀಲರನ್ನು ಕೇಳಿ. ಆಕೆ ಕಂತಿನಲ್ಲಿ ಕಟ್ಟಿದರು.

ಈಗ ಪಂಡಿತರ ಸಿಟ್ಟಿಗೆ ಬರುತ್ತೇನೆ. ನಮ್ಮ ಪ್ರೌಢಶಾಲೆಯ ಸಹ ಶಿಕ್ಷಕರ ವೇತನ ಶ್ರೇಣಿ ವಿಷಯ ನೋಡುವುದಿಲ್ಲ. ಗಣಿತಕ್ಕೂ ಕನ್ನಡಕ್ಕೂ ಅದೇ ಶ್ರೇಣಿ. ಸೇವಾ ನಿಯಮಗಳಲ್ಲಿ ವಿಶೇಷ ವೇತನ ಎಂಬ ಮಾತಿದೆ. ಅದು ಕೆಲಸ ವಿಶೇಷವಾಗಿ ಕಷ್ಟದ್ದಾದರೆ ಅಥವಾ ಹೊಣೆ ಹೆಚ್ಚಾದರೆ. ಪರಿಹಾರ ಭತ್ಯೆ ಎಂಬುದಿದೆ. ಅದು ಕೆಲಸದ ಸನ್ನಿವೇಶದಿಂದ ಮೈಮೇಲೆ ಬರುವ ಖರ್ಚಿಗೆ. ಅದು ಲಾಭದ ಮೂಲವಾಗಬಾರದು ಎಂಬುದು ಬ್ರಿಟಿಷರ ಕಾಲದ ಮೂಲ ನಿಯಮಗಳಿಂದ ಇಳಿದು ಬಂದ ತತ್ವ. ಗಣಿತ ಕಲಿಸುವುದು ಇವೆರಡರಲ್ಲಿ ಯಾವುದು? ಯಾವುದೂ ಅಲ್ಲ. ಎಂಟನೇ ತರಗತಿಯ ಅರವತ್ತು ಮಕ್ಕಳಿಗೆ ಹಳಗನ್ನಡ ಕಲಿಸುವುದು ಬೀಜಗಣಿತಕ್ಕಿಂತ ಸುಲಭವೆಂದು ನಾನಂತೂ ಹೇಳಲಾರೆ. ವ್ಯತ್ಯಾಸ ಇಷ್ಟೇ: ಗಣಿತ ಓದಿದವನಿಗೆ ಹೊರಗೆ ಬೇರೆ ಬಾಗಿಲುಗಳು ತೆರೆದಿರುತ್ತವೆ. ಭತ್ಯೆ ಆ ಬಾಗಿಲಿಗೆ ಕೊಡುವ ಬೆಲೆಯೇ ಹೊರತು ವಿಷಯಕ್ಕೆ ಕೊಡುವ ಅಂಕವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ತಜ್ಞ ವೈದ್ಯರಿಗೆ ಎಂಬಿಬಿಎಸ್ ವೈದ್ಯರಿಗಿಂತ ಹೆಚ್ಚು ವಿಶೇಷ ಭತ್ಯೆ ಕೊಡುತ್ತಾರೆ; ಅದರಿಂದ ಎಂಬಿಬಿಎಸ್ ಅಗ್ಗವಾಗಲಿಲ್ಲವಲ್ಲ. ಇಷ್ಟು ಹೇಳಿದ ಮೇಲೆ ಪಂಡಿತರು ಚಹಾ ಕುಡಿದರು. ಒಪ್ಪಿದರೆಂದು ನಾನು ತಿಳಿದಿಲ್ಲ.

ಇಂಥ ಹಣ ಕೆಲಸ ಮಾಡುತ್ತದೆಯೇ ಎಂದು ಕೇಳುವವರು ಕಡಿಮೆ. ಎಂ.ಇಡಿ ಓದುತ್ತಿರುವ ನನ್ನ ಮಗಳು ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಕಥೆಯನ್ನು ಓದಿ ಹೇಳಿದಳು. ಅಲ್ಲಿ 2001ರಿಂದ ಗಣಿತ, ವಿಜ್ಞಾನ, ವಿಶೇಷ ಶಿಕ್ಷಣದ ಶಿಕ್ಷಕರಿಗೆ ವರ್ಷಕ್ಕೆ 1,800 ಡಾಲರ್ ಹೆಚ್ಚು ಕೊಟ್ಟರು. ಎಲ್ಲ ಶಾಲೆಗಳಲ್ಲಿ ಅಲ್ಲ. ಬಡ ಮಕ್ಕಳು ಹೆಚ್ಚಿರುವ ಅಥವಾ ಫಲಿತಾಂಶ ಹಿಂದುಳಿದ ಶಾಲೆಗಳಲ್ಲಿ ಮಾತ್ರ. ಶಾಲೆ ಬಿಟ್ಟು ಹೋಗುವ ಶಿಕ್ಷಕರ ಪ್ರಮಾಣ ಸುಮಾರು ಶೇ 17ರಷ್ಟು ತಗ್ಗಿತು. ಮೂರು ವರ್ಷಕ್ಕೇ ಯೋಜನೆ ನಿಂತಿತು. ನನಗೆ ನಗು ತರಿಸಿದ್ದು ಇನ್ನೊಂದು ಸಂಗತಿ: ಸಮೀಕ್ಷೆ ಮಾಡಿದಾಗ ಹಣ ಯಾರಿಗೆ ಸಲ್ಲುತ್ತದೆ ಎಂಬುದೇ ಎಷ್ಟೋ ಶಿಕ್ಷಕರಿಗೆ, ಮುಖ್ಯ ಶಿಕ್ಷಕರಿಗೆ ಸರಿಯಾಗಿ ಗೊತ್ತಿರಲಿಲ್ಲವಂತೆ. ಅಲ್ಲಿಯೂ ನನ್ನಂಥ ಗುಮಾಸ್ತನೊಬ್ಬ ಭಾನುವಾರ ಕಳೆದುಕೊಂಡಿರಬೇಕು.

ನನ್ನ ಅಭಿಪ್ರಾಯ ಕೇಳಿದರೆ, ವಿಷಯಕ್ಕೆ ಮಾತ್ರ ಕಟ್ಟಿದ ಭತ್ಯೆ ನಮಗೆ ಬೇಡ. ರಾಜ್ಯದ ಎಲ್ಲ ಗಣಿತ ಶಿಕ್ಷಕರಿಗೂ ಒಂದೇ ಹಣ ಕೊಟ್ಟರೆ ದೇವದುರ್ಗಕ್ಕೂ ಬೆಂಗಳೂರಿಗೂ ಇರುವ ಅಂತರ ಅಷ್ಟೇ ಉಳಿಯುತ್ತದೆ. ವಿಷಯ ಮತ್ತು ಊರು ಎರಡನ್ನೂ ಕೂಡಿಸಿ ಕಟ್ಟಬೇಕು. ವರ್ಗಾವಣೆಗೆ ಶಾಲೆಗಳನ್ನು, ಪಟ್ಟಣಕ್ಕೆ ಹತ್ತಿರವೋ ದೂರವೋ ನೋಡಿ, ಎ, ಬಿ, ಸಿ ವಲಯಗಳೆಂದು ಹೇಗೂ ಗುರುತು ಮಾಡಿದ್ದಾರೆ. ಅದೇ ಪಟ್ಟಿ ಸಾಕು. ಮತ್ತು ನಿಯೋಜನೆಯ ಮೇಲೆ ಕಣ್ಣಿಡಬೇಕು. ವೇತನ ಹಳ್ಳಿಯ ಶಾಲೆಯಲ್ಲಿ, ಕೆಲಸ ತಾಲ್ಲೂಕು ಕೇಂದ್ರದಲ್ಲಿ ಎಂಬ ಏರ್ಪಾಟನ್ನು ನಾನು ಎಷ್ಟು ಬಿಲ್ಲುಗಳಲ್ಲಿ ನೋಡಿಲ್ಲ! ಅಂಥವರಿಗೂ ಭತ್ಯೆ ಹೋದರೆ ಖಾಲಿ ಕುರ್ಚಿಗೆ ಹಾರ ಹಾಕಿದಂತೆ.

ಹಣ ಇಟ್ಟ ಮಾತ್ರಕ್ಕೆ ಜನ ಸಿಗುತ್ತಾರೆ ಎಂದೂ ಅಲ್ಲ. 2022ರಲ್ಲಿ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ನೇಮಕಾತಿ ನಡೆಯಿತು. ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಪೂರ್ಣ ವೇತನದ ಖಾಯಂ ಹುದ್ದೆಗಳು, ಆದರೂ ಎಲ್ಲವೂ ತುಂಬಲಿಲ್ಲ. ಇತ್ತ ಬಿ.ಎಸ್ಸಿ, ಬಿ.ಇಡಿ ಮಾಡಿಕೊಂಡು ವರ್ಷಗಟ್ಟಲೆ ಮೇಲಿನ ತರಗತಿಗೆ ಗಣಿತ ಹೇಳಿದ ಪ್ರಾಥಮಿಕ ಶಾಲಾ ಶಿಕ್ಷಕರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮ ಒಂದರಿಂದ ಐದಕ್ಕೆ ಸೀಮಿತಗೊಳಿಸಿತು. ಅವರ ಜಗಳ ಇನ್ನೊಂದು ಅಂಕಣಕ್ಕಾಗುವಷ್ಟಿದೆ.

ಖಾಲಿ ಕುರ್ಚಿ ಎಂದೆ. ಪೂರ್ತಿ ಖಾಲಿ ಇರುವುದಿಲ್ಲ. ನಮ್ಮ ಓಣಿಯ ಹುಡುಗನೊಬ್ಬ ಎಂ.ಎಸ್ಸಿ ಗಣಿತ ಮುಗಿಸಿ, ಸಿಂಧನೂರು ಕಡೆಯ ಹಳ್ಳಿಯ ಪ್ರೌಢಶಾಲೆಗೆ ಅತಿಥಿ ಶಿಕ್ಷಕನಾಗಿ ಹೋಗುತ್ತಾನೆ. 2025ರ ಬಜೆಟ್‌ನಲ್ಲಿ 2,000 ಹೆಚ್ಚಿಸಿದ ಮೇಲೆ ಅವನ ಗೌರವಧನ 12,500 ರೂಪಾಯಿ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಹೋದ ವಾರ ಬಂದಿದ್ದ. "ಕಾಕಾ, ಆ ಭತ್ಯೆ ಬಂದರೆ ನಮಗೂ ಅನ್ವಯಿಸುತ್ತದೆಯೇ?" ಎಂದು ಕೇಳಿದ. ವೇತನವೇ ಇಲ್ಲದವನಿಗೆ ಭತ್ಯೆ ಮತ್ತು ವೇತನದ ವ್ಯತ್ಯಾಸ ಹೇಳಬೇಕಾಯಿತು. ಅವನು ಒಂದೇ ಸಲಕ್ಕೆ ಅರ್ಥ ಮಾಡಿಕೊಂಡ. ಚಹಾ ಬರುತ್ತದೆ, ಕುಳಿತುಕೋ ಎಂದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ಇದೆ, ಹತ್ತು ಗಂಟೆಯ ಬಸ್ ತಪ್ಪಿದರೆ ಇನ್ನೊಂದಿಲ್ಲ ಎಂದು ಎದ್ದು ಹೋದ. ಅಂದು ಭಾನುವಾರ.