ಪದ ಪರಿಚಯ: ಬಾಲ್ ಜಾಯಿಂಟೆಡ್ ಪ್ರಾಣಿ ಗೊಂಬೆ

ಬಾಲ್ ಜಾಯಿಂಟೆಡ್ ಡಾಲ್, ಚಿಕ್ಕದಾಗಿ ಬಿಜೆಡಿ. ಕೈಕಾಲು ಆಡುವ ಗೊಂಬೆಗಳಿಗೆಲ್ಲ ಈ ಹೆಸರು ಅಂಟಿಸುವುದುಂಟು. ಆದರೆ ಕೈಕಾಲು ಆಡಿದರೆ ಸಾಲದು. ಈ ಗೊಂಬೆಯಲ್ಲಿ ಒಂದೊಂದು ಅಂಗವೂ ಬಿಡಿ ತುಂಡು. ಒಂದು ತುಂಡಿನ ತುದಿಯಲ್ಲಿ ಗುಂಡು ಇರುತ್ತದೆ, ಪಕ್ಕದ ತುಂಡಿನಲ್ಲಿ ಅದು ಕೂರಲು ಗುಳಿ ಇರುತ್ತದೆ. ನಡುವೆ ಸ್ಕ್ರೂ ಇಲ್ಲ, ಅಂಟೂ ಇಲ್ಲ. ಒಳಗೆಲ್ಲ ಟೊಳ್ಳು. ಆ ಟೊಳ್ಳಿನ ಉದ್ದಕ್ಕೂ ಎಲಾಸ್ಟಿಕ್ ದಾರವೊಂದು ಬಿಗಿಯಾಗಿ ಹಾದು ಎಲ್ಲ ತುಂಡುಗಳನ್ನೂ ಒಟ್ಟಿಗೆ ಎಳೆದು ಹಿಡಿದಿರುತ್ತದೆ. ದಾರ ಕತ್ತರಿಸಿದರೆ ಗೊಂಬೆ ಇಲ್ಲ, ಮೇಜಿನ ಮೇಲೆ ಚೆಲ್ಲಿದ ತುಂಡುಗಳಷ್ಟೇ.

ನೋಡುವವರ ಕಣ್ಣು ಮೊದಲು ಗುಂಡಿನ ಮೇಲೆ ಹೋಗುತ್ತದೆ. ನನ್ನ ಪ್ರಕಾರ ನೋಡಬೇಕಾದ್ದು ದಾರವನ್ನು. ಕಾಲು ಎಷ್ಟು ದಪ್ಪ ಇರಬೇಕು, ಕುತ್ತಿಗೆ ಎಲ್ಲಿ ತುಂಡಾಗಬೇಕು, ಅಚ್ಚನ್ನು ಎಷ್ಟು ಭಾಗ ಮಾಡಬೇಕು, ಇದೆಲ್ಲ ಕೊನೆಗೆ ತೀರ್ಮಾನ ಆಗುವುದು ದಾರ ಎಲ್ಲಿ ಹೋಗುತ್ತದೆ ಅನ್ನುವುದರ ಮೇಲೆ. ಪ್ರಾಣಿ ಗೊಂಬೆಯಲ್ಲಂತೂ ಇದು ಇನ್ನೂ ಜಾಸ್ತಿ.

ಟೆಡ್ಡಿ ಬೇರ್‌ಗೂ ಕೀಲು ಇರುತ್ತದಲ್ಲ, ಅದೂ ಇದೇನಾ ಅಂತ ಕೇಳಬಹುದು. ಅಲ್ಲ. ಟೆಡ್ಡಿಯಲ್ಲಿ ಸಾಮಾನ್ಯವಾಗಿ ಇರುವುದು ಬಿಲ್ಲೆ ಕೀಲು. ಎರಡು ಬಿಲ್ಲೆ, ನಡುವೆ ಒಂದು ಪಿನ್. ಕೈ ಮುಂದಕ್ಕೆ, ಹಿಂದಕ್ಕೆ ಸುತ್ತುತ್ತದೆ, ಅಷ್ಟೇ. ಗುಂಡು ಕೀಲು ಯಾವ ಕಡೆಗೂ ವಾಲುತ್ತದೆ, ತಿರುಚುತ್ತದೆ, ಮತ್ತೆ ಬಿಟ್ಟಲ್ಲೇ ನಿಲ್ಲುತ್ತದೆ. ನಿಲ್ಲಬೇಕು, ಕನಿಷ್ಠ.

ಎಲಾಸ್ಟಿಕ್ ಹಾಕಿದ ಪ್ರಾಣಿ ಗೊಂಬೆ ಹೊಸದೇನೂ ಅಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಷೋನ್‌ಹಟ್ ಅನ್ನುವ ಕಂಪನಿ 1903ರಲ್ಲಿ 'ಹಂಪ್ಟಿ ಡಂಪ್ಟಿ ಸರ್ಕಸ್' ಅಂತ ಮರದ ಆಟಿಕೆಗಳನ್ನು ತಂದಿತು. ಆನೆ, ಕತ್ತೆ, ಜೋಕರ್, ಜೊತೆಗೆ ಏಣಿ, ಕುರ್ಚಿ, ಪೀಪಾಯಿ. ಪ್ರಾಣಿಗಳ ಕಾಲು, ತಲೆ ಎಲ್ಲ ಎಲಾಸ್ಟಿಕ್‌ನಿಂದ ಕಟ್ಟಿದ್ದು, ಹಾಗಾಗಿ ಕತ್ತೆಯನ್ನು ಏಣಿಯ ಮೇಲೆ ತಲೆಕೆಳಗಾಗಿ ನಿಲ್ಲಿಸಬಹುದಿತ್ತು. ಹಳೆಯ ಷೋನ್‌ಹಟ್ ಆಟಿಕೆ ಕೂಡಿಡುವವರು ಇವತ್ತಿಗೂ ಸತ್ತ ಎಲಾಸ್ಟಿಕ್ ತೆಗೆದು ಹೊಸದು ಹಾಕುತ್ತಿರುತ್ತಾರೆ. ಮರ ನೂರು ವರ್ಷ ಬಾಳುತ್ತದೆ, ರಬ್ಬರ್ ಬಾಳುವುದಿಲ್ಲ ನೋಡಿ.

ಈಗ ನಾವು ಬಿಜೆಡಿ ಅನ್ನುವ ರೂಪದ ದಾರಿ ಸ್ವಲ್ಪ ಬೇರೆ. ಜರ್ಮನಿಯ ಕಲಾವಿದ ಹಾನ್ಸ್ ಬೆಲ್ಮರ್ 1930ರ ದಶಕದಲ್ಲಿ ಗುಂಡು ಕೀಲಿನ ಗೊಂಬೆ ಮಾಡಿದ. ಅದನ್ನು ನೋಡಿ ಜಪಾನಿನಲ್ಲಿ ಯೊತ್ಸುಯಾ ಸಿಮೊನ್‌ನಂಥ ಗೊಂಬೆ ಕಲಾವಿದರು ಇದೇ ದಾರಿ ಹಿಡಿದರು. 1999ರಲ್ಲಿ ಕ್ಯೋಟೋದ ವೋಲ್ಕ್ಸ್ ಕಂಪನಿ 'ಸೂಪರ್ ಡಾಲ್ಫಿ' ಬಿಟ್ಟಿತು, ಹೆಚ್ಚುಕಡಿಮೆ 60 ಸೆಂಟಿಮೀಟರಿನ ರೆಸಿನ್ ಗೊಂಬೆ. ರೆಸಿನ್ ಅಂದರೆ ದ್ರವವಾಗಿ ಸುರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್. ಈ ಕಂಪನಿ ಮೊದಲೇ ರೆಸಿನ್‌ನಲ್ಲಿ ಮಾಡೆಲ್ ಕಿಟ್ ಎರಕ ಹೊಯ್ಯುತ್ತಿತ್ತು, ಅದೇ ಕೈಚಳಕ ಗೊಂಬೆಗೆ ಬಂತು. ಆಮೇಲೆ ಕೊರಿಯಾ, ಚೀನಾ, ರಷ್ಯಾ, ಅಮೆರಿಕ ಅಂತ ಹರಡಿತು. ಪ್ರಾಣಿ ಗೊಂಬೆಗಳನ್ನು ಇವತ್ತು ಮಾಡುತ್ತಿರುವವರಲ್ಲಿ ಎಷ್ಟೋ ಜನ ಮನೆಯ ಒಂದು ಕೋಣೆಯಲ್ಲಿ ಒಬ್ಬರೇ ಕೂತು ಕೆಲಸ ಮಾಡುವವರು. ಅಂಥವರ ಕೆಲಸಕ್ಕೆ ಆರ್ಟಿಸ್ಟ್ ಡಾಲ್ ಅನ್ನುತ್ತಾರೆ.

ಪ್ರಾಣಿ ಗೊಂಬೆಯಲ್ಲಿ ಎರಡು ಜಾತಿ. ಒಂದು ಆಂಥ್ರೋ. ಮುಖ ಮೊಲದ್ದು ಅಥವಾ ಬೆಕ್ಕಿನದ್ದು, ಮೈ ಮನುಷ್ಯರ ಹಾಗೆ ಎರಡು ಕಾಲಿನ ಮೇಲೆ. ಇನ್ನೊಂದು ನಿಜವಾದ ನಾಲ್ಕು ಕಾಲಿನ ಪ್ರಾಣಿ. ಆಂಥ್ರೋ ಸುಲಭ ಅಂತ ಹೇಳುವುದಿಲ್ಲ, ಆದರೆ ಅಲ್ಲಿ ದಾರ ತಲೆಯಿಂದ ನೇರವಾಗಿ ಕೆಳಗೆ ಇಳಿಯುತ್ತದೆ, ಭಾರವೂ ಅದೇ ಗೆರೆಯಲ್ಲಿ ಇಳಿಯುತ್ತದೆ, ಒಂದಕ್ಕೊಂದು ಸಹಾಯ. ನಾಲ್ಕು ಕಾಲಿನದ್ದರಲ್ಲಿ ಬೆನ್ನು ಅಡ್ಡ, ಕುತ್ತಿಗೆ ಮುಂದಕ್ಕೆ ಚಾಚಿದೆ, ಅದರ ತುದಿಯಲ್ಲಿ ತಲೆ ನೇತಾಡುತ್ತಿದೆ, ಮತ್ತು ಆ ತಲೆಯನ್ನು ಎತ್ತಿ ಹಿಡಿಯುವ ಕೆಲಸ ಪೂರ್ತಿ ದಾರದ ಬಿಗಿ ಮತ್ತು ಕೀಲಿನ ಉಜ್ಜುವಿಕೆಯ ಮೇಲೆ ಬೀಳುತ್ತದೆ. ಅದಕ್ಕೇ ತಲೆಯನ್ನು ಆದಷ್ಟು ಟೊಳ್ಳು, ಆದಷ್ಟು ತೆಳು ಮಾಡುತ್ತಾರೆ. ದಾರ ಬಿಗಿ ಮಾಡಿದರಾಯ್ತಲ್ಲ ಅಂದರೆ, ಬಿಗಿ ಹೆಚ್ಚಾದಾಗ ಕಾಲುಗಳು ಒಮ್ಮೆಲೇ ಚಟ್ಟನೆ ನೆಟ್ಟಗಾಗಿ ಗೊಂಬೆ ಮಗುಚಿ ಬೀಳುತ್ತದೆ. ಇದಕ್ಕೆ ಈ ವಲಯದಲ್ಲಿ ಕಿಕ್ ಅನ್ನುತ್ತಾರೆ.

ಒಂದು ಜಿಂಕೆ ಮರಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲು ಕಾಗದದ ಮೇಲೆ ನಿಜ ಅಳತೆಯಲ್ಲಿ ಎರಡು ಚಿತ್ರ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಪಕ್ಕದ ಚಿತ್ರದ ಮೇಲೆ ಕೀಲು ಎಲ್ಲೆಲ್ಲಿ ಅಂತ ಗುರುತು ಹಾಕಬೇಕು. ತಪ್ಪುವುದು ಇಲ್ಲೇ. ಜಿಂಕೆಯ ಹಿಂಗಾಲಿನಲ್ಲಿ ಹಿಂದಕ್ಕೆ ಬಾಗಿದಂತೆ ಕಾಣುವ ಜಾಗವನ್ನು ಜನ ಮಂಡಿ ಅಂದುಕೊಳ್ಳುತ್ತಾರೆ. ಅದು ಹಿಮ್ಮಡಿ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕದಲ್ಲಿ ಅಡಗಿದೆ. ಜಿಂಕೆ ನಿಲ್ಲುವುದು ಬೆರಳ ತುದಿಯ ಗೊರಸಿನ ಮೇಲೆ. ಇದನ್ನು ತಪ್ಪಿ ಕೀಲು ಕೂರಿಸಿದರೆ ಗೊಂಬೆ ನಿಂತಾಗ ಚೆನ್ನಾಗಿಯೇ ಕಾಣುತ್ತದೆ, ಮಲಗಿಸಲು ಹೋದಾಗ ಬಣ್ಣ ಬಯಲು. ಮುಂಗಾಲಿನದ್ದು ಇನ್ನೊಂದು ತಕರಾರು. ಜಿಂಕೆಗೆ ಕೊರಳ ಕೆಳಗಿನ ಅಡ್ಡ ಮೂಳೆ, ಅಂದರೆ ಕಾಲರ್ ಬೋನ್ ಇಲ್ಲ, ಹೆಗಲ ಮೂಳೆ ಎದೆಗೂಡಿಗೆ ಬರೀ ಸ್ನಾಯುವಿನಿಂದ ಅಂಟಿಕೊಂಡಿದೆ, ನಡೆಯುವಾಗ ಹಿಂದೆ ಮುಂದೆ ಜಾರುತ್ತದೆ. ರೆಸಿನ್‌ನಲ್ಲಿ ಆ ಜಾರುವಿಕೆ ತರುವುದು ಕಷ್ಟ. ಸಾಮಾನ್ಯವಾಗಿ ಹೆಗಲನ್ನು ಮುಂಡಕ್ಕೆ ಸೇರಿಸಿಬಿಟ್ಟು ಅದರ ಕೆಳಗೆ ಗುಂಡು ಇಡುತ್ತಾರೆ. ಸುಳ್ಳೇ, ಆದರೆ ಒಪ್ಪುವ ಸುಳ್ಳು.

ಇನ್ನು ದಪ್ಪದ ಲೆಕ್ಕ. ಕಾಲು 8 ಮಿಲಿಮೀಟರ್ ದಪ್ಪ ಅಂದುಕೊಳ್ಳಿ. 2 ಮಿಲಿಮೀಟರಿನ ಎಲಾಸ್ಟಿಕ್ ಕುಣಿಕೆಯಾಗಿ, ಅಂದರೆ ಎರಡೆಳೆಯಾಗಿ ಹೋಗಬೇಕು. ಅದಕ್ಕೆ 4 ಮಿಲಿಮೀಟರ್ ರಂಧ್ರ. ಸುತ್ತ ಉಳಿಯುವ ಗೋಡೆ ಬರೀ 2 ಮಿಲಿಮೀಟರ್. ನಿಜವಾದ ಜಿಂಕೆ ಮರಿಯ ಕಾಲು ಇದಕ್ಕಿಂತ ಸಪೂರ ಇರಬೇಕಿತ್ತು ಅಂತ ಅನ್ನಿಸಿದರೂ ದಾರ ಬಿಡುವುದಿಲ್ಲ.

ಮೊದಲು ಒಂದು ಮಾದರಿ, ಅದರಿಂದ ಅಚ್ಚು, ಅಚ್ಚಿನಲ್ಲಿ ರೆಸಿನ್ ಎರಕ, ಇದು ಕೆಲಸದ ಕ್ರಮ. ಮಾದರಿ ಮಾಡುವ ಮಣ್ಣು ಅವರವರ ಇಷ್ಟ. ಜಪಾನಿನ ರೂಢಿ ಏನೆಂದರೆ ಥರ್ಮೋಕೋಲ್‌ನಂಥ ಹಗುರ ವಸ್ತುವನ್ನು ಒಳಗಿಟ್ಟು ಅದರ ಮೇಲೆ ಗಾಳಿಗೆ ಒಣಗುವ ಕಲ್ಲುಪುಡಿಯ ಮಣ್ಣು ಹಚ್ಚುವುದು, ಒಣಗಿದ ಮೇಲೆ ಉದ್ದಕ್ಕೆ ಸೀಳಿ ಒಳಗಿನದನ್ನು ತೆಗೆದು ಮತ್ತೆ ಅಂಟಿಸುವುದು. ಟೊಳ್ಳು ತಾನಾಗಿ ಸಿಗುತ್ತದೆ. ಒಣಗುವಾಗ ಮಣ್ಣು ಕುಗ್ಗುತ್ತದೆ, ಬಿರುಕೂ ಬಿಡುತ್ತದೆ, ಆಗಾಗ ತೇಪೆ ಹಾಕಬೇಕು. ಎಪಾಕ್ಸಿ ಪುಟ್ಟಿ ಕುಗ್ಗುವುದಿಲ್ಲ, ಗಟ್ಟಿಯಾಗಿ ಕೂರುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಕೂಡ ಎಪಾಕ್ಸಿ ಪುಟ್ಟಿಯೇ. ಗುಂಡುಗಳನ್ನು ಕೈಯಲ್ಲಿ ಉರುಟಿಸುವ ಸಾಹಸಕ್ಕೆ ಹೋಗಬೇಡಿ. ಮರದ ಮಣಿ ಅಥವಾ ಅಕ್ರಿಲಿಕ್ ಗುಂಡು ತಂದು ಅಂಟಿಸಿ. ಗುಂಡಿಗೆ ವ್ಯಾಸಲೀನ್ ಸವರಿ ಎದುರಿನ ತುಂಡಿನ ಹಸಿ ಪುಟ್ಟಿಗೆ ಒತ್ತಿದರೆ ಗುಳಿ ಸರಿಯಾದ ಅಳತೆಗೆ ಬರುತ್ತದೆ.

ಗುಳಿ ಆದರೆ ಕೆಲಸ ಮುಗಿಯಲಿಲ್ಲ. ಕೀಲು ಬಾಗಿದಾಗ ದಾರ ಗುಳಿಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ದಾರ ಸರಿಯಲು ಒಂದು ಸೀಳು ಕೊರೆಯಬೇಕು. ಈ ಸೀಳು ಎತ್ತ ಇದೆಯೋ ಕೀಲು ಚೆನ್ನಾಗಿ ಬಾಗುವುದು ಅತ್ತಲೇ. ಅಂದರೆ ಗುಂಡು ಎಲ್ಲ ಕಡೆ ತಿರುಗಬಲ್ಲದು, ಎಷ್ಟು ತಿರುಗಬೇಕು ಅಂತ ಹೇಳುವುದು ಸೀಳು. ಬಾಗಿದಾಗ ದಾರದ ದಾರಿ ಉದ್ದವಾದರೆ ಅದು ಜಗ್ಗಿ ಕಾಲನ್ನು ವಾಪಸ್ ನೆಟ್ಟಗೆ ಮಾಡುತ್ತದೆ, ಮೇಲೆ ಹೇಳಿದ ಕಿಕ್ ಬರುವುದು ಇಲ್ಲಿಂದ. ಸೀಳಿನ ಕೊನೆಯಲ್ಲಿ ಸ್ವಲ್ಪ ಆಳ ಮಾಡಿ ದಾರ ಅಲ್ಲಿ ಕೂರುವ ಹಾಗೆ ಮಾಡಿದರೆ ಬಾಗಿದ ಕಾಲು ಬಾಗಿದಲ್ಲೇ ನಿಲ್ಲುತ್ತದೆ. ಬಿಜೆಡಿ ಮಾಡುವವರ ಜಾಣತನ ಅಳೆಯಬೇಕಾದರೆ ನಾನು ಮುಖ ನೋಡುವುದಿಲ್ಲ, ಈ ಸೀಳು ನೋಡುತ್ತೇನೆ.

ಎಡಗಾಲು ಆಯ್ತು, ಬಲಗಾಲು? ಅದೇ ಅಚ್ಚಿನಿಂದ ಬರುವುದಿಲ್ಲ, ಕನ್ನಡಿ ಬಿಂಬದಂತೆ ಇನ್ನೊಂದನ್ನು ಕೈಯಲ್ಲೇ ಮಾಡಬೇಕು. ಈಗ ಕಂಪ್ಯೂಟರಿನಲ್ಲಿ ಝಡ್‌ಬ್ರಷ್ ಅಥವಾ ಬ್ಲೆಂಡರ್‌ನಂಥ ಸಾಫ್ಟ್‌ವೇರ್‌ನಲ್ಲಿ ಕೆತ್ತುವವರು ಇದನ್ನು ಒಂದು ಕ್ಲಿಕ್‌ನಲ್ಲಿ ಮುಗಿಸಿ ತ್ರೀಡಿ ಪ್ರಿಂಟ್ ತೆಗೆಯುತ್ತಾರೆ. ಮೋಸ ಏನಲ್ಲ. ಪ್ರಿಂಟ್‌ನ ಪದರದ ಗೆರೆಗಳನ್ನು ಉಜ್ಜಿ ತೆಗೆಯುವ ಕೆಲಸ ಹೇಗೂ ಕೈಯದ್ದೇ. 240ರಿಂದ ಶುರು ಮಾಡಿ 400, 600, 800 ನಂಬರಿನ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಬೇಕು, ಪ್ರೈಮರ್ ಹೊಡೆದು ನೋಡಬೇಕು, ಮತ್ತೆ ಉಜ್ಜಬೇಕು. ಮುಂದೆ ಅಚ್ಚಿಗೆ ಬಳಸುವುದು ರಬ್ಬರಿನಂಥ ಸಿಲಿಕೋನ್, ಅದು ಬೆರಳಚ್ಚನ್ನೂ ಬಿಡುವುದಿಲ್ಲ, ಇಲ್ಲಿ ಉಳಿದ ಗೀರು ಪ್ರತಿ ಗೊಂಬೆಯಲ್ಲೂ ಬರುತ್ತದೆ.

ಈಗ ಅಚ್ಚು. ಒಂದೊಂದು ತುಂಡನ್ನೂ ಅರ್ಧದವರೆಗೆ ಮೆತ್ತನೆ ಪ್ಲಾಸ್ಟಿಸಿನ್ ಮಣ್ಣಿನಲ್ಲಿ ಹೂತು, ಸುತ್ತ ಪೆಟ್ಟಿಗೆ ಕಟ್ಟಿ, ಮೇಲೆ ದ್ರವ ಸಿಲಿಕೋನ್ ಸುರಿಯುತ್ತಾರೆ. ಒಂದೇ ಮೂಲೆಗೆ, ಎತ್ತರದಿಂದ, ತೆಳ್ಳಗೆ ಸುರಿದರೆ ಗುಳ್ಳೆ ಕಡಿಮೆ. ಗಟ್ಟಿಯಾದ ಮೇಲೆ ತಿರುವಿ ಹಾಕಿ, ಮಣ್ಣು ತೆಗೆದು, ಇನ್ನರ್ಧ ಸುರಿಯಬೇಕು. ನಡುವೆ ಅಂಟದ ಲೇಪ ಹಚ್ಚುವುದು ಮರೆತರೆ ಎರಡೂ ಅರ್ಧ ಸೇರಿ ಒಂದೇ ಗಟ್ಟಿ ಆಗಿಬಿಡುತ್ತದೆ, ಯಾಕೆಂದರೆ ಸಿಲಿಕೋನ್‌ಗೆ ಬಹಳ ಚೆನ್ನಾಗಿ ಅಂಟುವುದು ಸಿಲಿಕೋನೇ. ಇನ್ನೊಂದು ಎಚ್ಚರ. ಪ್ಲಾಟಿನಂ ಬಗೆಯ ಸಿಲಿಕೋನ್ ಗಂಧಕ ಇರುವ ಮಣ್ಣನ್ನು ಮುಟ್ಟಿದರೆ ಗಟ್ಟಿಯಾಗುವುದೇ ಇಲ್ಲ, ಅಂಟಂಟಾಗಿ ಉಳಿಯುತ್ತದೆ. ಸರಿಯಾಗಿ ಗಟ್ಟಿಯಾಗದ ತ್ರೀಡಿ ಪ್ರಿಂಟ್ ರೆಸಿನ್ ಮುಟ್ಟಿದರೂ ಇದೇ ಕಥೆ.

ತಲೆ, ಮುಂಡದಂಥ ಟೊಳ್ಳು ತುಂಡಿಗೆ ಎರಡು ಭಾಗದ ಅಚ್ಚು ಸಾಲದು. ಟೊಳ್ಳಿನ ಆಕಾರದ್ದೇ ಒಂದು ಸಿಲಿಕೋನ್ ತಿರುಳನ್ನು ಒಳಗೆ ಇಳಿಬಿಡಬೇಕು. ರೆಸಿನ್ ಸುರಿಯುವ ಬಾಯಿ ಗುಳಿಯ ಒಳಗೋ, ಕುತ್ತಿಗೆಯ ತೂತಿನಲ್ಲೋ, ಕಣ್ಣಿಗೆ ಕಾಣದ ಕಡೆ ಇರಬೇಕು. ಗಾಳಿ ಮೇಲಕ್ಕೆ ಏರುತ್ತದೆ, ಹಾಗಾಗಿ ಜಿಂಕೆಯ ತಲೆಯನ್ನು ಕಿವಿ ಕೆಳಗೆ ಬರುವಂತೆ ತಲೆಕೆಳಗಾಗಿ ಎರಕ ಹೊಯ್ಯುತ್ತಾರೆ. ನೆಟ್ಟಗಿಟ್ಟರೆ ಕಿವಿಯ ತುದಿಯಲ್ಲಿ ಗಾಳಿ ಸಿಕ್ಕಿಕೊಂಡು ಕಿವಿ ಮೊಂಡಾಗುತ್ತದೆ.

ಎರಕಕ್ಕೆ ಬಳಸುವುದು ಪಾಲಿಯುರೆಥೇನ್ ರೆಸಿನ್. ಎರಡು ಬಾಟಲಿ, ಎರಡನ್ನೂ ಹೇಳಿದ ಅಳತೆಯಲ್ಲಿ ಕಲಸಿದ ಕೆಲವೇ ನಿಮಿಷಕ್ಕೆ ಗಟ್ಟಿಯಾಗಲು ಶುರು. ಅಷ್ಟರೊಳಗೆ ಕಲಸಿ, ಸುರಿದು, ಅಚ್ಚನ್ನು ಪ್ರೆಶರ್ ಪಾಟ್‌ನಲ್ಲಿ, ಅಂದರೆ ಒತ್ತಡದ ಗಾಳಿ ತುಂಬುವ ಗಟ್ಟಿ ಪಾತ್ರೆಯಲ್ಲಿ ಇಟ್ಟು ಮುಚ್ಚಳ ಬಿಗಿಯಬೇಕು. ಸಾಮಾನ್ಯವಾಗಿ 40ರಿಂದ 60 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ) ಒತ್ತಡ ಕೊಡುತ್ತಾರೆ. 45 ಪಿಎಸ್‌ಐ ಅಂದರೆ ಒಟ್ಟು ಒತ್ತಡ ಮಾಮೂಲಿನ ನಾಲ್ಕು ಪಟ್ಟು, ಗುಳ್ಳೆ ಕಾಲು ಭಾಗಕ್ಕೆ ಕುಗ್ಗುತ್ತದೆ. ಗುಳ್ಳೆ ಹೋಗುವುದಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ದಯವಿಟ್ಟು ಅಡುಗೆಮನೆಯ ಕುಕ್ಕರ್ ನೋಡಬೇಡಿ. ಅದು ಇರುವುದು ಸುಮಾರು 15 ಪಿಎಸ್‌ಐಗೆ, 45 ತುಂಬಲು ಹೋದರೆ ಅದು ಬಾಂಬ್.

ಎರಡು ಬಾಟಲಿಯಲ್ಲಿ ಒಂದರಲ್ಲಿ ಐಸೋಸಯನೇಟ್ ಇರುತ್ತದೆ. ಇದಕ್ಕೆ ನೀರಿನ ಅಂಶ ಕಂಡರಾಗದು. ತೇವ ಸಿಕ್ಕರೆ ಕಾರ್ಬನ್ ಡೈಆಕ್ಸೈಡ್ ಹುಟ್ಟಿ ರೆಸಿನ್ ನೊರೆ ನೊರೆಯಾಗಿ ಉಬ್ಬುತ್ತದೆ. ಮಂಗಳೂರು, ಉಡುಪಿ ಕಡೆ ಜುಲೈ ತಿಂಗಳಲ್ಲಿ ಇದನ್ನು ಮಾಡಲು ಹೊರಟವರು ಬಾಟಲಿಯ ಮುಚ್ಚಳ ತೆಗೆದಿಟ್ಟು ಫೋನ್‌ನಲ್ಲಿ ಮಾತಾಡುತ್ತಾ ನಿಲ್ಲಬಾರದು. ಅಚ್ಚನ್ನು ಮೊದಲೇ ಬೆಚ್ಚಗೆ ಒಣಗಿಸಿಟ್ಟುಕೊಳ್ಳಬೇಕು. ಐಸೋಸಯನೇಟ್ ಮನುಷ್ಯರಿಗೂ ಒಳ್ಳೆಯದಲ್ಲ. ಉಸಿರಿನಲ್ಲಿ ಹೋಗುತ್ತಾ ಹೋಗುತ್ತಾ ಅಸ್ತಮಾ ತರಬಲ್ಲದು, ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾದರೆ ಆಮೇಲೆ ಸ್ವಲ್ಪವೂ ತಡೆಯುವುದಿಲ್ಲ. ಬಟ್ಟೆ ಮಾಸ್ಕ್ ಇಲ್ಲಿ ಸುಮ್ನೆ. ರಾಸಾಯನಿಕ ಆವಿ ಹಿಡಿಯುವ ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು, ಗಾಳಿಯಾಡುವ ಜಾಗ ಬೇಕು. ಗಟ್ಟಿಯಾದ ರೆಸಿನ್ ಉಜ್ಜುವಾಗ ನೀರಿನಲ್ಲಿ ಅದ್ದಿಯೇ ಉಜ್ಜಬೇಕು, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಅಚ್ಚಿನಿಂದ ಬಂದ ತುಂಡುಗಳ ಜೋಡುಗೆರೆ ಉಜ್ಜಿ, ದಾರ ಪೋಣಿಸಬೇಕು. ಇದಕ್ಕೆ ಸ್ಟ್ರಿಂಗಿಂಗ್ ಅನ್ನುತ್ತಾರೆ. ನಾಲ್ಕು ಕಾಲಿನ ಗೊಂಬೆಯಲ್ಲಿ ಮುಂಗಾಲಿಂದ ಎದೆಯ ಮೂಲಕ ಇನ್ನೊಂದು ಮುಂಗಾಲಿಗೆ ಒಂದು ಕುಣಿಕೆ, ಹಿಂಗಾಲುಗಳಿಗೆ ಒಂದು, ತಲೆಯಿಂದ ಬೆನ್ನಿನುದ್ದ ಬಾಲದವರೆಗೆ ಒಂದು, ಹೀಗೆ ಕಟ್ಟುವುದುಂಟು. ತುದಿಗಳಲ್ಲಿ ಎಸ್ ಆಕಾರದ ಕೊಕ್ಕೆ. ರೆಸಿನ್ ಮೇಲೆ ರೆಸಿನ್ ಜಾರುತ್ತದೆ, ಅದಕ್ಕೆ ಗುಳಿಯೊಳಗೆ ತೆಳು ಮೆದು ಚರ್ಮ ಅಂಟಿಸುತ್ತಾರೆ. ಕುತ್ತಿಗೆ ಜೋತು ಬೀಳುವ ಗೊಂಬೆಗೆ ಮೊದಲು ಮಾಡಿ ನೋಡಬೇಕಾದ ಉಪಾಯ ಇದೇ, ದಾರ ಬಿಗಿ ಮಾಡುವುದು ಆಮೇಲೆ. ಮುಖಕ್ಕೆ ಬಣ್ಣ ಹಾಕುವುದನ್ನು ಫೇಸ್‌ಅಪ್ ಅನ್ನುತ್ತಾರೆ. ಮ್ಯಾಟ್ ಸ್ಪ್ರೇ ಹೊಡೆದು, ಅದರ ಮೇಲೆ ಪಾಸ್ಟೆಲ್ ಪುಡಿ, ಅಕ್ರಿಲಿಕ್. ಬಿಸಿಲಿಗೆ ಇಡಬೇಡಿ, ರೆಸಿನ್ ಹಳದಿಯಾಗುತ್ತದೆ, ಸ್ಪ್ರೇ ಅದನ್ನು ನಿಧಾನ ಮಾಡಬಹುದು, ತಡೆಯುವುದಿಲ್ಲ.

ಸಿಲಿಕೋನ್ ಅಚ್ಚು ಶಾಶ್ವತ ಅಲ್ಲ. ಹತ್ತಾರು ಎರಕ ಆಗುವಷ್ಟರಲ್ಲಿ ಒಳಮೈ ಕೆಟ್ಟು ಹರಿಯಲು ಶುರುವಾಗುತ್ತದೆ. ಒಬ್ಬರೇ ಮಾಡುವ ಗೊಂಬೆಗೆ ಬೆಲೆ ಜಾಸ್ತಿ, ಕಾಯುವುದೂ ಜಾಸ್ತಿ ಅನ್ನುವುದಕ್ಕೆ ಇದೂ ಒಂದು ಕಾರಣ. ಈ ವಲಯಕ್ಕೆ ಕಾಲಿಟ್ಟವರ ಕಿವಿಗೆ ರೀಕಾಸ್ಟ್ ಅನ್ನುವ ಪದ ಬಿದ್ದೇ ಬೀಳುತ್ತದೆ. ಯಾರದ್ದೋ ಗೊಂಬೆ ಕೊಂಡು, ಅದರ ಮೇಲೆ ಅಚ್ಚು ತೆಗೆದು, ಅಗ್ಗಕ್ಕೆ ಮಾರುವುದು. ಕದ್ದ ಮಾಲು, ಬೇರೆ ಮಾತಿಲ್ಲ. ಜೊತೆಗೆ ರೆಸಿನ್ ಗಟ್ಟಿಯಾಗುವಾಗ ಒಂಚೂರು ಕುಗ್ಗುವುದರಿಂದ ನಕಲು ಗೊಂಬೆ ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿರುತ್ತದೆ, ನಕಲಿನ ನಕಲು ಇನ್ನೂ ಚಿಕ್ಕದು. ಮೂಲ ಗೊಂಬೆಯ ತುಂಡನ್ನು ನಕಲಿನದರ ಜೊತೆ ಜೋಡಿಸಲು ಹೋದರೆ ಗುಂಡು ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ.