ಪ್ಲಾನ್ ಏರಿಸುವ ಮುಂಚೆ ಟಿವಿ ಹಿಂದೆ ನೋಡಿ

ಹೋದ ವಾರ ನಿಟ್ಟುವಳ್ಳಿಯಿಂದ ನಿವೃತ್ತ ಮೇಷ್ಟ್ರೊಬ್ಬರು, ಟಿವಿಗೆ ಸಿಕ್ಕಿಸಿ ನೆಟ್‌ನಿಂದ ಸಿನಿಮಾ ನೋಡುವ ಸ್ಟಿಕ್ ಬಗ್ಗೆ ಫೋನ್ ಮಾಡಿದ್ದರು. "ಟಿವಿ ಸ್ಟಿಕ್ ಮತ್ತೆ ಸುತ್ತುತ್ತಾ ಕೂತಿದೆ ಕಣಪ್ಪಾ. ನೆಟ್ ಪ್ಲಾನಿನ ವೇಗ 100ರಿಂದ 200 ಎಂಬಿಪಿಎಸ್ ಮಾಡಿಸಿದೆ, ಆದರೂ ಅದೇ ಕಥೆ." ಕೇಳಿ ಕರುಳು ಚುರ್ ಅಂತು. ಪೆನ್ಷನ್ ದುಡ್ಡು ಅದು.

ಎಷ್ಟು ಸಲ ಹೇಳಿದರೂ ಜನ ಇದನ್ನೇ ಮಾಡುತ್ತಾರೆ. ಮನೆಗೆ ಬರುವ ನೆಟ್ ಬೇರೆ, ರೂಟರ್‌ನಿಂದ ಟಿವಿಗೆ ಹೋಗುವ ವೈಫೈ ಬೇರೆ. ಟ್ಯಾಂಕ್ ತುಂಬಿದ್ದರೂ ಪೈಪು ಕಟ್ಟಿಕೊಂಡಿದ್ದರೆ ನಲ್ಲಿಯಲ್ಲಿ ನೀರು ಸಣ್ಣಗೇ ಬರುತ್ತದೆ ಅಲ್ವಾ? ಆಗ ಇನ್ನೊಂದು ಟ್ಯಾಂಕ್ ಕೂರಿಸಿ ಏನು ಬಂತು? ಎಚ್‌ಡಿ ಸಿನಿಮಾಗೆ 5 ಎಂಬಿಪಿಎಸ್ ಸಾಕು, 4ಕೆಗೆ 15ರಿಂದ 25. ಫೋನ್ ಹಿಡಿದು ರೂಟರ್ ಪಕ್ಕ ಒಮ್ಮೆ, ಟಿವಿ ಪಕ್ಕ ಒಮ್ಮೆ ಸ್ಪೀಡ್ ಟೆಸ್ಟ್ ಮಾಡಿ. ಅಲ್ಲಿ 90, ಇಲ್ಲಿ 4 ಬಂದರೆ ತೊಂದರೆ ಮನೆಯೊಳಗೇ ಇದೆ. ಪ್ಲಾನ್ ಮುಟ್ಟಬೇಡಿ.

ಮೇಷ್ಟ್ರ ಮನೆಯಲ್ಲಿ ರೂಟರ್ ಕಬ್ಬಿಣದ ಬೀರು ಹಿಂದಿತ್ತು. ಟಿವಿ ಗೋಡೆಗೆ ಅಂಟಿತ್ತು, ಸ್ಟಿಕ್ ಅದರ ಬೆನ್ನಿಗೆ. ಟಿವಿಯೊಳಗಿನ ತಗಡು ಸಿಗ್ನಲ್ ತಡೆಯುತ್ತದೆ. ಅದಕ್ಕೇ ಎಷ್ಟೋ ಸ್ಟಿಕ್‌ಗಳ ಡಬ್ಬಿಯಲ್ಲಿ ಒಂದು ಪುಟ್ಟ ಎಚ್‌ಡಿಎಂಐ ಎಕ್ಸ್‌ಟೆಂಡರ್, ಅಂದರೆ ಟಿವಿಗೂ ಸ್ಟಿಕ್‌ಗೂ ನಡುವೆ ಹಾಕುವ ತುಂಡು ವೈರು, ಇರುತ್ತದೆ. ಮೇಷ್ಟ್ರ ಮನೆಯವರು ಅದನ್ನು ಡಬ್ಬಿ ಸಮೇತ ಜೋಪಾನವಾಗಿ ಎತ್ತಿಟ್ಟಿದ್ದರು. ಹಾಕಿ, ಸ್ಟಿಕ್ ಹೊರಗೆ ಇಣುಕುವಂತೆ ಮಾಡಿದೆ. ರೂಟರ್ ಬೀರು ಮೇಲೇರಿತು. ಇನ್ನೊಂದು, ಸ್ಟಿಕ್‌ಗೆ ಕರೆಂಟ್ ಟಿವಿಯ ಯುಎಸ್‌ಬಿಯಿಂದ ಬರುತ್ತಿತ್ತು. ಹಳೇ ಯುಎಸ್‌ಬಿ ಕೊಡುವುದು ಅರ್ಧ ಆಂಪಿಯರ್. ಇವರ ಸ್ಟಿಕ್‌ನ ಅಡಾಪ್ಟರ್ ಮೇಲೆ ಒಂದು ಆಂಪಿಯರ್ ಅಂತ ಬರೆದಿತ್ತು. ಜೊತೆಗೆ ಬಂದ ಅಡಾಪ್ಟರನ್ನೇ ಪ್ಲಗ್‌ಗೆ ಹಾಕಿ, ದಯವಿಟ್ಟು.

ವೈಫೈಗೆ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ದಾರಿ. 5ಕ್ಕೆ ವೇಗ ಜಾಸ್ತಿ, ಗೋಡೆ ದಾಟುವ ಶಕ್ತಿ ಕಮ್ಮಿ. ನಡುವೆ ಎರಡು ಗೋಡೆ ಇದ್ದರೆ 2.4 ಹಾಕಿ ನೋಡಿ. ಆದರೆ ಪಿ.ಜೆ. ಬಡಾವಣೆಯಂಥ ಒತ್ತೊತ್ತು ಮನೆಗಳಲ್ಲಿ ನೆರೆಯವರ ರೂಟರ್‌ಗಳೂ 2.4ರಲ್ಲೇ ನುಗ್ಗಾಡುತ್ತಿರುತ್ತವೆ. ರೂಟರ್ ಸೆಟ್ಟಿಂಗ್‌ನಲ್ಲಿ ಚಾನೆಲ್ (2.4ರೊಳಗಿನ ಓಣಿ ಅನ್ನಿ) 1, 6, 11ರಲ್ಲಿ ಯಾವುದು ಖಾಲಿಯೋ ಅದನ್ನು ಆರಿಸಿಕೊಳ್ಳಿ.

ರೂಟರ್ ಪಕ್ಕದಲ್ಲೇ ಸ್ಪೀಡ್ ಬರದಿದ್ದರೆ ಮಾತ್ರ ಲೈನ್‌ನವರನ್ನು ಕರೆಯಿರಿ. ಒಂದೊಂದು ಮನೆ ಒಂದೊಂದು ಥರ, ನೋಡದೆ ನಾನು ಗ್ಯಾರಂಟಿ ಕೊಡಲಾರೆ.

ಮೇಷ್ಟ್ರು ಮುಂದಿನ ತಿಂಗಳಿಂದ ಹಳೇ ಪ್ಲಾನಿಗೇ ಹೋಗುತ್ತಾರಂತೆ.