ಫಿಟ್ಸ್ ಮತ್ತು ಕೊಬ್ಬರಿ ಎಣ್ಣೆ: ಎರಡು ಚಮಚದ ಲೆಕ್ಕ

ದಾವಣಗೆರೆ, ಚಿತ್ರದುರ್ಗದ ಕಡೆ ಕೊಬ್ಬರಿ ಎಣ್ಣೆ ಇರುವುದು ತಲೆಗೆ ಹಚ್ಚೋಕೆ. ಒಗ್ಗರಣೆಗೆ, ಮಿರ್ಚಿ ಕರಿಯೋಕೆ ಶೇಂಗಾ ಎಣ್ಣೆಯೇ ಆಗಬೇಕು. ಚಳ್ಳಕೆರೆಗೆ ಎಣ್ಣೆ ಮಿಲ್‌ಗಳ ಊರು ಅಂತ ಹೆಸರು ಬಂದದ್ದೇ ಶೇಂಗಾದಿಂದ. ಹಾಗಂತ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಕಡೆ ತೆಂಗಿಗೇನೂ ಕೊರತೆ ಇಲ್ಲ. ಕಾಯಿ ಚಟ್ನಿಗೆ ಹೋಗುತ್ತದೆ, ಕೊಬ್ಬರಿ ತಿಪಟೂರಿಗೆ ಹೋಗುತ್ತದೆ, ಎಣ್ಣೆ ಕೂದಲಿಗೆ ಹೋಗುತ್ತದೆ. ಅದನ್ನು ಕುಡಿಯುವ ರೂಢಿ ಮಾತ್ರ ಇರಲಿಲ್ಲ. ಈಗ ಫಿಟ್ಸ್ ಇರುವವರ ಮನೆಗಳಲ್ಲಿ ಆ ಮಾತೂ ಶುರುವಾಗಿದೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ಕೊಬ್ಬರಿ ಎಣ್ಣೆ ಕುಡಿಸಿ, ಫಿಟ್ಸ್ ನಿಂತೇ ಹೋಗುತ್ತೆ ಅಂತ. ಮೊಬೈಲಿನಲ್ಲಿ ವಿಡಿಯೋ ನೋಡಿದ ನೆಂಟರೊಬ್ಬರು ಹೇಳಿರುತ್ತಾರೆ. ಹೇಳುವವರ ಮನಸ್ಸೇನೋ ಒಳ್ಳೆಯದೇ.

ಇದನ್ನು ಸುಮ್ನೆ ನಕ್ಕು ತಳ್ಳಿಹಾಕೋಕೆ ಆಗಲ್ಲ. ಇದರ ಹಿಂದೆ ನೂರು ವರ್ಷದ ನಿಜವಾದ ವೈದ್ಯವಿಜ್ಞಾನ ಇದೆ. ತೊಂದರೆ ಇರುವುದು ಆ ಎರಡು ಚಮಚದಲ್ಲಿ.

ಉಪವಾಸ ಇದ್ದಾಗ ಮೂರ್ಛೆ ಕಡಿಮೆಯಾಗುತ್ತದೆ ಅನ್ನುವುದು ಹಳೇ ಗ್ರೀಕರಿಗೂ ಗೊತ್ತಿತ್ತು. ಆದರೆ ಮಗುವನ್ನು ಎಷ್ಟು ದಿನ ಅಂತ ಉಪವಾಸ ಕೆಡವೋದು? 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಇದಕ್ಕೊಂದು ದಾರಿ ಹೇಳಿದರು. ಊಟದಲ್ಲಿ ಅನ್ನ, ಬ್ರೆಡ್, ಸಕ್ಕರೆಯನ್ನು ಹೆಚ್ಚುಕಮ್ಮಿ ನಿಲ್ಲಿಸಿ, ಆ ಜಾಗಕ್ಕೆ ಕೊಬ್ಬು ತುಂಬಿ ಅಂದರು. ಆಗ ಹೊಟ್ಟೆ ತುಂಬಿದ್ದರೂ ದೇಹ ಉಪವಾಸದಲ್ಲಿ ಇದ್ದಂತೆಯೇ ನಡೆದುಕೊಳ್ಳುತ್ತದೆ. ಲಿವರ್ ಕೊಬ್ಬನ್ನು ಒಡೆದು ಕೀಟೋನ್ ಎಂಬ ವಸ್ತುಗಳನ್ನು ಮಾಡುತ್ತದೆ. ಮೆದುಳು ಗ್ಲೂಕೋಸ್ ಬದಲು ಅದನ್ನೇ ಬಳಸಿಕೊಳ್ಳುತ್ತದೆ. ಇದೇ ಕೀಟೋಜೆನಿಕ್ ಡಯಟ್. 1938ರಲ್ಲಿ ಫೆನಿಟೋಯಿನ್ ಫಿಟ್ಸ್ ತಡೆಯುತ್ತದೆ ಅಂತ ಗೊತ್ತಾಯಿತು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಎಪ್ಟಾಯಿನ್ ಅಂತ ಕೇಳುತ್ತಾರಲ್ಲ, ಅದೇ ಮಾತ್ರೆ. ಗುಳಿಗೆ ನುಂಗುವುದು ಸುಲಭ ಇರುವಾಗ ಊಟ ತೂಗಿ ತಿನ್ನುವ ಕಷ್ಟ ಯಾರಿಗೆ ಬೇಕು? ಡಯಟ್ ಮೂಲೆ ಸೇರಿತು.

ಕೊಬ್ಬರಿ ಎಣ್ಣೆ ಈ ಕಥೆಯೊಳಗೆ ಬಂದದ್ದು 1971ರಲ್ಲಿ. ಪೀಟರ್ ಹಟೆನ್‌ಲೋಕರ್ ಎಂಬ ಅಮೆರಿಕದ ಮಕ್ಕಳ ನರರೋಗ ತಜ್ಞರು ಬೆಣ್ಣೆ, ಕ್ರೀಮ್ ಬದಲು ಎಂಸಿಟಿ ಎಣ್ಣೆ, ಅಂದರೆ ‘ಮಧ್ಯಮ ಸರಪಳಿ’ಯ ಕೊಬ್ಬಿನ ಎಣ್ಣೆ, ಬಳಸಿ ನೋಡಿದರು. ಕೊಬ್ಬಿನ ಕಣ ಅಂದರೆ ಇಂಗಾಲದ ಸರಪಳಿ. ಶೇಂಗಾ ಎಣ್ಣೆಯಲ್ಲಿ ಅದು ಹೆಚ್ಚಾಗಿ 18 ಕೊಂಡಿಯದು. ಎಂಸಿಟಿ ಎಣ್ಣೆಯಲ್ಲಿ ಬರೀ 8 ಮತ್ತು 10 ಕೊಂಡಿಯವು. ಉದ್ದ ಸರಪಳಿಯ ಕೊಬ್ಬು ಊರೂರಲ್ಲಿ ನಿಲ್ಲುವ ಬಸ್ಸಿನ ಹಾಗೆ ದುಗ್ಧನಾಳಗಳನ್ನೆಲ್ಲ ಸುತ್ತಿ ರಕ್ತ ಸೇರುತ್ತದೆ. ಈ ಗಿಡ್ಡ ಸರಪಳಿಯದು ಕರುಳಿನಿಂದ ನೇರ ಲಿವರ್‌ಗೆ ನಾನ್‌ಸ್ಟಾಪ್. ಬೇಗ ಹೋಗುತ್ತದೆ, ಬೇಗ ಕೀಟೋನ್ ಆಗುತ್ತದೆ. ಆದ್ದರಿಂದ ಊಟದಲ್ಲಿ ಸ್ವಲ್ಪ ಅನ್ನ, ಹಣ್ಣಿಗೂ ಜಾಗ ಸಿಗುತ್ತದೆ.

ಈ ಎಂಸಿಟಿ ಎಣ್ಣೆಯನ್ನು ಕೊಬ್ಬರಿ ಎಣ್ಣೆಯಿಂದಲೂ ಬೇರ್ಪಡಿಸಿ ತೆಗೆಯುತ್ತಾರೆ. ಗೊಂದಲ ಹುಟ್ಟಿದ್ದು ಇಲ್ಲೇ. ಕೊಬ್ಬರಿ ಎಣ್ಣೆಯಿಂದ ತೆಗೆದದ್ದು ಕೆಲಸ ಮಾಡಿದರೆ ಕೊಬ್ಬರಿ ಎಣ್ಣೆಯೂ ಮಾಡಬೇಕಲ್ವಾ ಅಂತ ಜನ ಅಂದುಕೊಂಡರು. ಆದರೆ ಕೊಬ್ಬರಿ ಎಣ್ಣೆಯಲ್ಲಿ 8 ಮತ್ತು 10 ಕೊಂಡಿಯವು ಎರಡೂ ಸೇರಿ ಸುಮಾರು ಶೇ 14 ಮಾತ್ರ. ಅರ್ಧದಷ್ಟು ಇರುವುದು 12 ಕೊಂಡಿಯ ಲಾರಿಕ್ ಆಮ್ಲ. ಪುಸ್ತಕದಲ್ಲಿ ಅದನ್ನೂ ‘ಮಧ್ಯಮ ಸರಪಳಿ’ ಅಂತ ಬರೆಯುತ್ತಾರೆ, ಬಾಟಲಿ ಮಾರುವವರೂ ಹಾಗೇ ಹೇಳುತ್ತಾರೆ. ದೇಹದೊಳಗೆ ಮಾತ್ರ ಅದರಲ್ಲಿ ಹೆಚ್ಚಿನ ಪಾಲು ಉದ್ದ ಸರಪಳಿಯ ದಾರಿಯನ್ನೇ ಹಿಡಿಯುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಡಿಸೆಂಬರ್ ಚಳಿಯಲ್ಲಿ ಬಚ್ಚಲ ಗೂಡಿನ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ, ಬೆರಳು ಹಾಕಿ ತೆಗೆಯಬೇಕಾಗುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ. ಅದರಲ್ಲಿರುವ ಲಾರಿಕ್‌ನಂಥ ಕೊಬ್ಬಿನದೇ ಈ ಕೆಲಸ. ಎಂಸಿಟಿ ಎಣ್ಣೆಯನ್ನು ಫ್ರಿಜ್‌ನಲ್ಲಿಟ್ಟರೂ ನೀರಿನ ಹಾಗೇ ಇರುತ್ತದೆ. ಎರಡೂ ಬೇರೆ ಬೇರೆ ಎಣ್ಣೆ ಅನ್ನೋಕೆ ಲ್ಯಾಬ್ ಬೇಕಾಗಿಲ್ಲ.

ಈಗ ಲೆಕ್ಕ ಹಾಕೋಣ. ನಾಲ್ಕೈದು ವರ್ಷದ ಮಗುವಿಗೆ ದಿನಕ್ಕೆ 1200 ಕ್ಯಾಲೊರಿ ಬೇಕು ಅಂತ ಇಟ್ಟುಕೊಳ್ಳಿ. ಅದರಲ್ಲಿ ಶೇ 30 ಎಂಸಿಟಿಯಿಂದ ಬರಬೇಕು ಅಂದರೂ (ಹಟೆನ್‌ಲೋಕರ್ ಡಯಟ್‌ನಲ್ಲಿ ಅದು ಶೇ 60) ಸುಮಾರು 43 ಗ್ರಾಂ ಬೇಕಾಗುತ್ತದೆ. ಇಷ್ಟನ್ನು ಕೊಬ್ಬರಿ ಎಣ್ಣೆಯಿಂದಲೇ ಕೊಡಲು ಹೋದರೆ ದಿನಕ್ಕೆ 300 ಗ್ರಾಂಗೂ ಜಾಸ್ತಿ ಎಣ್ಣೆ ಕುಡಿಸಬೇಕು. ಆ ಎಣ್ಣೆಯೊಂದರಲ್ಲೇ 2700 ಕ್ಯಾಲೊರಿ, ಅಂದರೆ ಮಗುವಿಗೆ ಬೇಕಾದ್ದರ ಎರಡು ಪಟ್ಟಿಗಿಂತ ಹೆಚ್ಚು. ಎರಡು ದೊಡ್ಡ ಚಮಚದಲ್ಲಿ ಸಿಗುವ ಎಂಸಿಟಿ 4 ಗ್ರಾಂ ಕೂಡ ಇರಲ್ಲ. ಅದನ್ನೂ ಮುದ್ದೆ ಊಟದ ಜೊತೆಗೆ ಕೊಟ್ಟರೆ ಮೆದುಳಿಗೆ ಗ್ಲೂಕೋಸ್ ಧಾರಾಳವಾಗಿ ಸಿಗುತ್ತಿರುತ್ತದೆ. ಕೀಟೋನ್ ಏರುವುದಾದರೂ ಹೇಗೆ?

10 ಕೊಂಡಿಯ ಡೆಕನೋಯಿಕ್ ಆಮ್ಲದ್ದು ಮಾತ್ರ ಸ್ವಾರಸ್ಯದ ವಿಷಯ. ಲಂಡನ್ನಿನ ರಾಯಲ್ ಹಾಲೋವೇ ಕಾಲೇಜಿನ ಸಂಶೋಧಕರು 2016ರಲ್ಲಿ ತೋರಿಸಿದ ಪ್ರಕಾರ, ಅದು ಕೀಟೋನ್ ಆಗುವವರೆಗೂ ಕಾಯಬೇಕಾಗಿಲ್ಲ. ನರಕೋಶಗಳನ್ನು ಕೆರಳಿಸುವ ಆಂಪಾ ಎಂಬ ಗ್ರಾಹಕವನ್ನು (ಕೋಶದ ಮೇಲೆ ಸಂದೇಶ ಹಿಡಿಯುವ ಭಾಗ) ಅದೇ ನೇರವಾಗಿ ತಡೆಯುತ್ತದೆ. 8 ಕೊಂಡಿಯದಕ್ಕೆ ಈ ಗುಣ ಇಲ್ಲ. ಇನ್ನೊಂದು ಸಂಗತಿ ಕೇಳಿ. ಫಿಟ್ಸ್‌ಗೆ ತುಂಬಾ ಕೊಡುವ ವಾಲ್‌ಪ್ರೊಯೇಟ್ ಮಾತ್ರೆ ಇದೆಯಲ್ಲ, ಅದೂ ರಚನೆಯಲ್ಲಿ 8 ಇಂಗಾಲದ, ಕವಲೊಡೆದ ಕೊಬ್ಬಿನ ಆಮ್ಲವೇ. 1960ರ ದಶಕದ ಆರಂಭದವರೆಗೆ ಅದನ್ನು ಬೇರೆ ವಸ್ತುಗಳನ್ನು ಕರಗಿಸುವ ದ್ರವವಾಗಿ ಬಳಸುತ್ತಿದ್ದರು. ಫ್ರಾನ್ಸಿನಲ್ಲಿ ಪಿಯರ್ ಎಮಾರ್ ಅದರಲ್ಲಿ ಬೇರೆ ಬೇರೆ ಮದ್ದು ಕರಗಿಸಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದರೆ ಎಲ್ಲವೂ ಫಿಟ್ಸ್ ತಡೆದವು! ಕೆಲಸ ಮಾಡಿದ್ದು ಮದ್ದಲ್ಲ, ಕರಗಿಸಿದ ದ್ರವ. ಹೀಗಾಗಿ ಕೊಬ್ಬಿಗೂ ಫಿಟ್ಸ್‌ಗೂ ನಂಟಿದೆ ಅನ್ನುವುದು ಬುರುಡೆಯಲ್ಲ. ಆದರೆ ಕೊಬ್ಬರಿ ಎಣ್ಣೆಯಲ್ಲಿ ಈ 10 ಕೊಂಡಿಯದ್ದು ಶೇ 6ರ ಆಸುಪಾಸು ಅಷ್ಟೇ.

ಪೂರ್ತಿ ಡಯಟ್ ಕೆಲಸ ಮಾಡುತ್ತದಾ? ಮಾಡುತ್ತದೆ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯ ತಂಡ ಮಾತ್ರೆಗೆ ಬಗ್ಗದ 145 ಮಕ್ಕಳ ಮೇಲೆ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮೂರು ತಿಂಗಳಲ್ಲಿ ಡಯಟ್ ಮಾಡಿದವರ ಪೈಕಿ ಶೇ 38 ಮಕ್ಕಳಿಗೆ ಫಿಟ್ಸ್ ಮೊದಲಿದ್ದುದರ ಅರ್ಧಕ್ಕಿಂತ ಕೆಳಗಿಳಿದಿತ್ತು. ಡಯಟ್ ಮಾಡದವರಲ್ಲಿ ಹಾಗಾದದ್ದು ಶೇ 6 ಮಕ್ಕಳಿಗೆ. ದೆಹಲಿಯ ಏಮ್ಸ್ ವೈದ್ಯರು 102 ಮಕ್ಕಳ ಮೇಲೆ ಸ್ವಲ್ಪ ಸಡಿಲವಾದ ಡಯಟ್ ಪ್ರಯೋಗಿಸಿ 2013ರಲ್ಲಿ ಪ್ರಕಟಿಸಿದ್ದರಲ್ಲೂ ಶೇ 52 ಮಕ್ಕಳಿಗೆ ಅಷ್ಟೇ ಲಾಭ ಕಂಡಿತು. ಮಾತ್ರೆಗೆ ಬಗ್ಗದ ಮಕ್ಕಳಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಆ ‘ಸಡಿಲ’ ಡಯಟ್ ಹೇಗಿರುತ್ತೆ ಗೊತ್ತಾ? ಶುರುವಿನಲ್ಲಿ ದಿನಕ್ಕೆ 10 ಗ್ರಾಂ ಕಾರ್ಬೋಹೈಡ್ರೇಟ್ (ಪಿಷ್ಟ, ಸಕ್ಕರೆ) ಮಾತ್ರ. 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲೇ 65 ಗ್ರಾಂ ಮೇಲಿದೆ. ಮುದ್ದೆ ಇಲ್ಲ, ಜೋಳದ ರೊಟ್ಟಿ ಇಲ್ಲ, ಮಂಡಕ್ಕಿ ಇಲ್ಲ. ಬೆಣ್ಣೆ ದೋಸೆಯಲ್ಲಿ ಬೆಣ್ಣೆ ತಿನ್ನಬಹುದು, ದೋಸೆ ತಿನ್ನುವಂತಿಲ್ಲ! ಕೆಮ್ಮಿನ ಸಿರಪ್ಪಿನಲ್ಲಿರುವ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ. ಮಲಬದ್ಧತೆ, ವಾಂತಿ, ಕಿಡ್ನಿ ಕಲ್ಲು, ಮಗುವಿನ ಬೆಳವಣಿಗೆ ಎಲ್ಲದರ ಮೇಲೂ ಕಣ್ಣಿಡಬೇಕು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕೊಬ್ಬು ಉರಿಸುವ ಶಕ್ತಿ ಇರುವುದಿಲ್ಲ. ಅವರಿಗೆ ಈ ಡಯಟ್ ಪ್ರಾಣಕ್ಕೇ ಕುತ್ತು. ಅದಕ್ಕೇ ಮೊದಲು ಪರೀಕ್ಷೆ, ಆಮೇಲೆ ನರರೋಗ ತಜ್ಞರು ಮತ್ತು ಡಯಟೀಷಿಯನ್ ಕೂತು ಹಾಕುವ ಲೆಕ್ಕ. ಇದನ್ನು ಸಾಮಾನ್ಯವಾಗಿ ಯೋಚಿಸುವುದೇ ಸರಿಯಾದ ಎರಡು ಔಷಧಿ ಕೊಟ್ಟು ನೋಡಿದ ಮೇಲೆ. ಗ್ಲೂಕೋಸ್ ಮೆದುಳಿಗೆ ಹೋಗದ ಗ್ಲಟ್-1 ಕೊರತೆಯಂಥ ಅಪರೂಪದ ಕಾಯಿಲೆಗಳಲ್ಲಿ ಮಾತ್ರ ಡಯಟ್ಟೇ ಮೊದಲ ಮದ್ದು.

ಚಟ್ನಿಗೆ ಕಾಯಿ, ಪಲ್ಯಕ್ಕೆ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿದರೆ ಏನೂ ಆಗಲ್ಲ. ಬರೀ ಎಣ್ಣೆ ಕುಡಿದರೆ ಹೊಟ್ಟೆ ಕೆಡಬಹುದು. ದಿನಾ ಜಾಸ್ತಿ ಆದರೆ ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ. ನನಗೆ ನಿಜವಾದ ಭಯ ಇರುವುದು ಬೇರೆ ಕಡೆ. ಎಣ್ಣೆ ಶುರು ಮಾಡಿದ ವಾರ ಫಿಟ್ಸ್ ಬರಲಿಲ್ಲ ಅಂತ ಮಾತ್ರೆ ಬಿಡುತ್ತಾರಲ್ಲ, ಅಲ್ಲಿ. ಫಿಟ್ಸ್ ಕೆಲವೊಮ್ಮೆ ತಾನಾಗಿಯೇ ವಾರಗಟ್ಟಲೆ ಸುಮ್ಮನಿರುತ್ತದೆ. ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಒಂದರ ಹಿಂದೊಂದು ಬಂದು ನಿಲ್ಲದೇ ಹೋಗಬಹುದು. ಸರಿಯಾಗಿ ಔಷಧಿ ತಗೊಂಡರೆ ನೂರರಲ್ಲಿ 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಷ್ಟು ಫಲ ಕೊಡುವ ಎಣ್ಣೆ ಯಾವುದೂ ಇಲ್ಲ.

ಕೊಬ್ಬರಿ ಎಣ್ಣೆಯ ಇನ್ನೊಂದು ಬಳಕೆ ಬಗ್ಗೆ ಮಾತ್ರ ಯಾರೂ ವಿಡಿಯೋ ಕಳಿಸಲ್ಲ. ಮಗುವಿಗೆ ನೆಗಡಿಯಾದರೆ ಎಣ್ಣೆ ಬಿಸಿ ಮಾಡಿ, ಕರ್ಪೂರ ಹಾಕಿ ಕರಗಿಸಿ ಎದೆಗೆ, ಬೆನ್ನಿಗೆ ತಿಕ್ಕುತ್ತಾರೆ. ಕರ್ಪೂರ ಫಿಟ್ಸ್ ಬರಿಸುವ ವಸ್ತು. ಅದು ಹೊಟ್ಟೆಗೆ ಹೋದರೆ ಆರೋಗ್ಯವಾಗಿರುವ ಮಗುವಿಗೂ ಫಿಟ್ಸ್ ಬರಬಹುದು. ನೀಲಗಿರಿ ಎಣ್ಣೆಯದೂ ಇದೇ ಕಥೆ. ಇವುಗಳಿಂದ, ಇವು ಬೆರೆತ ಬಾಮ್‌ಗಳಿಂದ ಫಿಟ್ಸ್ ಬಂದ ಪ್ರಕರಣಗಳನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ತಜ್ಞರು ವರದಿ ಮಾಡಿದ್ದಾರೆ. ಫಿಟ್ಸ್ ಇರುವವರ ಮನೆಯಲ್ಲಿ ತಲೆಗೆ ಬರೀ ಕೊಬ್ಬರಿ ಎಣ್ಣೆ ಹಚ್ಚಿ, ಅದಕ್ಕೇನೂ ಅಡ್ಡಿಯಿಲ್ಲ. ಕರ್ಪೂರ ದೇವರ ಮನೆಯಲ್ಲೇ ಇರಲಿ, ಅಲ್ಲೂ ಮಕ್ಕಳ ಕೈಗೆ ಸಿಗದ ಹಾಗೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮಾತ್ರೆ ಚೀಟಿ ಜೊತೆ ಮನೆಯಲ್ಲಿ ಏನೇನು ಹಚ್ಚುತ್ತೀರಿ, ಕುಡಿಸುತ್ತೀರಿ ಅನ್ನುವುದನ್ನೂ ಹೇಳಿ. ಡಾಕ್ಟರು ಕೇಳದಿದ್ದರೂ ಸರಿ.